ಒಂಬತ್ತು ಸೆಕೆಂಡಿನ ಭಾರ

ಭೂಮಿಯ ಮೇಲೆ ಜನ ರೋಲರ್ ಕೋಸ್ಟರ್ ಹತ್ತುತ್ತಿದ್ದದ್ದು ಹೊಟ್ಟೆಯೊಳಗಿನದು ಬಾಯಿಗೆ ಬಂದಂತಾಗುವ ಆ ಒಂದು ಹಗುರ ಗಳಿಗೆಗಾಗಿ. ಚಂದ್ರನ ಮೇಲೆ ಹಗುರ ಎಂಬುದು ಬಿಟ್ಟಿ ಸಿಗುವ ಸರಕು, ಬೇಡವೆಂದರೂ ಬೆನ್ನು ಬಿಡುವುದಿಲ್ಲ. ಹಾಗಾಗಿ ಹೊಸಗವಿ ಎಂಬ ಊರಿನಲ್ಲಿ ಜನ ಸಾಲುಗಟ್ಟಿ ನಿಂತು ಕೋಸ್ಟರ್ ಹತ್ತುವುದು ಭಾರವಾಗಲಿಕ್ಕೆ. ಕಚೇರಿಯ ಕಾಗದದಲ್ಲಿ ಅದಕ್ಕೆ ಏನೋ ಉದ್ದನೆಯ ಹೆಸರಿದೆ. ಊರವರ ಬಾಯಲ್ಲಿ ಅದು ಭಾರದ ಬಂಡಿ.

ಹೊಸಗವಿ ಅಂದರೆ ಚಂದ್ರನ ನೆಲದಡಿಯ ಗುಹೆ. ಯಾವ ಕಾಲದಲ್ಲೋ ಲಾವಾ ಹರಿದು ಖಾಲಿಯಾದ ಕೊಳವೆಗೆ ಬಾಗಿಲು ಹಾಕಿ, ಗಾಳಿ ತುಂಬಿ, ಎರಡು ಸಾವಿರ ಜನ ಸಂಸಾರ ಹೂಡಿದ್ದಾರೆ. ಗುಹೆಯ ಒಂದು ಮೂಲೆಯಲ್ಲಿ ಅರವತ್ತು ಮೀಟರ್ ಎತ್ತರದಿಂದ ಬಂಡಿ ಇಳಿಯುತ್ತದೆ. ಚಂದ್ರನ ಎಳೆತ ಭೂಮಿಯದರ ಆರರಲ್ಲೊಂದು ಪಾಲು, ಆದ್ದರಿಂದ ಇಳಿತ ಬಲು ನಿಧಾನ. ಹೆದರುವವರು ಯಾರೂ ಇಲ್ಲ. ತಳ ಮುಟ್ಟುವಾಗ ವೇಗ ಗಂಟೆಗೆ ಐವತ್ತು ಕಿಲೋಮೀಟರ್, ಖಾಲಿ ರಸ್ತೆಯಲ್ಲಿ ಸಿಟಿ ಬಸ್ಸು ಹೋದ ಹಾಗೆ. ಅದೇ ವೇಗದಲ್ಲಿ ಬಂಡಿ ಜಾತ್ರೆಯ ಮರಣಬಾವಿಯ ಮೋಟರ್‌ಸೈಕಲ್ಲಿನಂತೆ ಮಗ್ಗುಲಾಗಿ ಗೋಡೆ ಹಿಡಿದು ಒಂದು ದೊಡ್ಡ ಸುತ್ತು ಹಾಕುತ್ತದೆ. ಆಗ ಕೂತವರನ್ನು ಸೀಟಿಗೆ ಒತ್ತುವ ಬಲ ಸರಿಯಾಗಿ ಭೂಮಿಯ ತೂಕದಷ್ಟು. ಸುತ್ತು ಮುಗಿಯಲು ಒಂಬತ್ತು ಸೆಕೆಂಡು, ಆಮೇಲೆ ಬ್ರೇಕು.

ಒಂಬತ್ತು ಸೆಕೆಂಡಿಗೆ ಇಷ್ಟೊಂದು ಹುಚ್ಚೇ ಎಂದು ನೀವು ಕೇಳಬಹುದು. ಇಳಕಲ್ಲಿನ ನರ್ಸಮ್ಮ ಒಬ್ಬಳು ಇಳಿದು ಬಂದು, "ಜಡಿ ಬೆನ್ನಿಗೆ ಬಡೀತ್ರೀ, ನಮ್ಮವ್ವ ಹೆಣೆದು ಹಾಕಿ ಬಿಟ್ಟಂಗ ಬಡೀತು" ಎಂದು ಅಲ್ಲೇ ಕೂತು ಗೊಳೋ ಅತ್ತಿದ್ದಳು. ಗಣಿಯಲ್ಲಿ ಯಂತ್ರ ಓಡಿಸುವ ಗಟ್ಟಿ ಗಂಡಸರು ಸುಮ್ಮನೆ ಕೈ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ತಮ್ಮ ಕೈ ತಮಗೇ ಭಾರವಾದಾಗ ಮುಖ ಆಚೆ ತಿರುಗಿಸುತ್ತಾರೆ. ವಾರಕ್ಕೆ ಒಬ್ಬರಿಗೆ ಒಂದೇ ಸಲ. ಆ ಒಂದು ಸಲಕ್ಕಾಗಿ ವಾರವೆಲ್ಲ ಕಾಯುತ್ತಾರೆ.

ಈ ಹಳಿಯ ನಕ್ಷೆ ಬರೆದವಳು ಕಸ್ತೂರಿ ಬಡಿಗೇರ, ಬೆಳಗಾವಿಯ ಉದ್ಯಮಬಾಗದವಳು. ಅಲ್ಲಿ ಕೋಸ್ಟರಿನ ಕೊಳವೆ ಹಳಿಗಳನ್ನು ಕಾಯಿಸಿ ಬಾಗಿಸುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದಿದ್ದಳು. ಆಮೇಲೆ ಕಿವಿಯ ಹಿಂದೆ ಅಂಟಿಸುವ ಬಿಲ್ಲೆ ಬಂತು. ಬಿಲ್ಲೆ ಮೈಯ ಸಮತೋಲ ಹೇಳುವ ಕಿವಿಯೊಳಗಿನ ನೀರನ್ನು ಯಾಮಾರಿಸುತ್ತದೆ. ಮನೆಯ ಸೋಫಾದಲ್ಲಿ ಕೂತವನಿಗೆ ನೂರು ಮೀಟರ್ ಕೆಳಗೆ ಬಿದ್ದಂತಾಗುತ್ತದೆ. ಬಿಸಿಲಲ್ಲಿ ಸಾಲು ನಿಲ್ಲುವ ಗೋಳು ಯಾರಿಗೆ ಬೇಕು? ಪಾರ್ಕುಗಳು ಒಂದೊಂದಾಗಿ ಮುಚ್ಚಿದವು, ಹಳಿಯವರು ಸಂಡಿಗೆ ಯಂತ್ರ, ಗೇಟು, ಗ್ರಿಲ್ಲು ಮಾಡಲು ಕೂತರು. ಅಷ್ಟರಲ್ಲಿ ಹೊಸಗವಿಯಿಂದ ಕರೆ ಬಂತು. ಬಿಲ್ಲೆ ಕಿವಿಗೆ ಸುಳ್ಳು ಹೇಳಬಲ್ಲದು, ಎಲುಬಿಗೆ ಹೇಳಲಾರದು. ನಿಜವಾದ ಭಾರಕ್ಕೆ ನಿಜವಾದ ಹಳಿಯೇ ಬೇಕು. ಕಸ್ತೂರಿ ಗಂಡ ಈರಣ್ಣನ ಜೊತೆ ಗಂಟುಮೂಟೆ ಕಟ್ಟಿದಳು.

ಅಲ್ಲಿಗೆ ಹೋದ ಎರಡನೇ ವರ್ಷ ಮಗಳು ಹುಟ್ಟಿದಳು. ಅತ್ತೆಯ ಹೆಸರು ಹಿಡಿದು ಗಂಗವ್ವ ಎಂದು ಕರೆದರು. ದಾದಿ ಕೂಸನ್ನು ಕೈಗೆ ಕೊಟ್ಟಾಗ ಕಸ್ತೂರಿಗೆ ಅರ್ಧ ಕಿಲೋ ಸಕ್ಕರೆಯ ಪೊಟ್ಟಣ ಹಿಡಿದಷ್ಟೂ ಅನ್ನಿಸಲಿಲ್ಲ. ಬಟ್ಟೆ ಮಾತ್ರ ಕೊಟ್ಟಿದ್ದಾರೋ ಏನೋ ಎಂದು ಗಾಬರಿಯಾಗಿ ಬಿಚ್ಚಿ ನೋಡಿದ್ದಳು. ಕೂಸು ಮಿಕಿಮಿಕಿ ನೋಡುತ್ತಿತ್ತು.

ಆ ದಿನದಿಂದ ಅವಳೊಳಗೆ ಒಂದು ಹಸಿವು ಹೊಕ್ಕಿತು, ಹೇಳಿಕೊಂಡರೆ ನಗುವಂಥದ್ದು. ಅವಳಿಗೆ ಮಗಳ ಭಾರ ಬೇಕಿತ್ತು. ಊರಲ್ಲಿ ಅಕ್ಕನ ಮಕ್ಕಳನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು ಅವಳು. ನಿದ್ದೆ ಬಂದ ಕೂಸು ಹೆಗಲ ಮೇಲೆ ಹೇಗೆ ಎರಡು ಪಟ್ಟು ಭಾರವಾಗುತ್ತದೆ, ತೋಳು ಹೇಗೆ ಜೋಮು ಹಿಡಿಯುತ್ತದೆ, ಎಲ್ಲ ಗೊತ್ತಿತ್ತು. ತನ್ನ ಸ್ವಂತ ಕೂಸು ಮಾತ್ರ ಹೂವಿನ ಬುಟ್ಟಿಯಂತೆ ತೊಡೆಗೆ ಬಂದು ಹೋಗುತ್ತಿತ್ತು.

ಈಗ ಗಂಗವ್ವನಿಗೆ ಆರು ವರ್ಷ ತುಂಬಲು ಎಂಟು ದಿನ ಬಾಕಿ. ಆರು ತುಂಬುವುದರೊಳಗೆ ಮಕ್ಕಳನ್ನು ಭೂಮಿಗೆ ಕಳಿಸಬೇಕೆಂಬುದು ಊರಿನ ಕಟ್ಟಳೆ. ತಡವಾದರೆ ಎಲುಬು ಆಮೇಲೆ ಭೂಮಿಯ ಭಾರ ತಾಳುವುದಿಲ್ಲ. ಈರಣ್ಣ ಈ ಹಗುರದಲ್ಲಿ ಕಣ್ಣಿನ ನರಕ್ಕೆ ಒತ್ತಡ ಬಿದ್ದು ಐದು ವರ್ಷದ ಹಿಂದೆಯೇ ಬೆಳಗಾವಿಗೆ ಇಳಿದಿದ್ದ. "ಹಳಿ ಮುಗಿಸಿ ನಾನೂ ಕೂಸೂ ಬರತೀವಿ" ಎಂದು ಕಸ್ತೂರಿ ಅವನನ್ನು ಕಳಿಸಿದ್ದಳು. ಹಳಿ ಮುಗಿಯಲು ಮೂರು ವರ್ಷ ಹಿಡಿಯಿತು. ಚಂದ್ರನ ಮೇಲಿರುವವರು ದಿನಾ ಎರಡು ತಾಸು ರಬ್ಬರ್ ಪಟ್ಟಿ ಎಳೆದು ಕಸರತ್ತು ಮಾಡಬೇಕು; ನಕ್ಷೆಯ ಗುಂಗಿನಲ್ಲಿ ಇವಳು ನಾಳೆ ಮಾಡಿದರಾಯಿತು ಎಂದು ಮೂರು ವರ್ಷ ದೂಡಿದಳು. ಕಡೆಗೆ ಒಂದು ದಿನ ಡಬ್ಬದ ಮುಚ್ಚಳ ತಿರುಗಿಸುವಾಗ ಮುಂಗೈ ಎಲುಬು ಲಟಕ್ಕೆಂದಿತು. ತಪಾಸಣೆ ಮಾಡಿದರೆ ಮೈಯೆಲ್ಲ ಎಲುಬು ಹಪ್ಪಳ, ಹೃದಯವೂ ಸೋಮಾರಿಯಾಗಿದೆ. ಭೂಮಿಗೆ ಇಳಿದರೆ ಬದುಕುವ ಭರವಸೆ ಇಲ್ಲ ಎಂದರು. ಅವಳು ಕಟ್ಟಿದ ಬಂಡಿಯನ್ನೂ ಅವಳು ಹತ್ತಕೂಡದು ಎಂದು ಬರೆದುಕೊಟ್ಟರು. ಯಾರನ್ನು ಬೈಯಬೇಕು? ತನ್ನನ್ನೇ ಬೈದುಕೊಂಡಳು, ಬೈದು ಬೈದು ಅದೂ ಹಳತಾಯಿತು.

ಅವತ್ತು ಮನೆಯಲ್ಲಿ ಗಂಗವ್ವ ಅಟ್ಟದ ಮೇಲಿಂದ, "ಅವ್ವಾ, ಹಿಡಿ!" ಎಂದು ಕೂಗಿ ತೊಡೆಯ ಮೇಲೆ ಹಾರಿದಳು. ಢಬ್ಬೆಂದು ಬಿದ್ದಳು, ಮರುಗಳಿಗೆಗೆ ಹತ್ತಿಯಾದಳು. ಡಿಕ್ಕಿ ಬೇರೆ, ಭಾರ ಬೇರೆ ಎಂಬುದು ಕಸ್ತೂರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಭಾರ ಅಂದರೆ ಸುಮ್ಮನೆ ಕೂತಿದ್ದರೂ ಇರುವುದು.

"ಇನ್ನೊಮ್ಮೆ ಹಾರ್ಲಿ?"

"ಬ್ಯಾಡ, ಸುಮ್ನ ಕೂಡು. ಅಪ್ಪ ಏನೋ ಕಳಿಸ್ಯಾನ, ನೋಡೂಣು."

ಗೋಡೆಯ ಪರದೆಯಲ್ಲಿ ಈರಣ್ಣ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಕಾಲ ಬಳಿ ಒಂದು ಚೀಲ. "ಗಂಗವ್ವಾ, ನೋಡಿಲ್ಲೆ! ಹದಿನೆಂಟ ಕಿಲೋ ಜ್ವಾಳ. ನೀನೂ ಹದಿನೆಂಟ ಅದೀಯಂತ. ದಿನಾ ಎತ್ತಿ ರೂಢಿ ಮಾಡ್ಕೊಳ್ಳಾಕತ್ತೇನಿ. ನೀ ಬಂದ ದಿನದಿಂದ ಹೆಗಲ ಮ್ಯಾಲಿಂದ ಇಳಸಾಂವಲ್ಲ." ಹೇಳಿ, ಚೀಲ ಎತ್ತಿ, ಉಸ್ಸೆಂದು ನಕ್ಕ.

ಮಗಳು ಕೇಕೆ ಹಾಕಿದಳು. ಕಸ್ತೂರಿ ಪರದೆ ಆರಿಸಿದಳು. ತಪ್ಪೇನಿತ್ತು ಅವನದು? ಐದು ವರ್ಷ ಮಗಳ ಮುಖ ಪರದೆಯಲ್ಲಿ ನೋಡಿದವನು. ಆದರೂ ಹೆತ್ತವಳು ತಾನು, ಭಾರ ಹೊರುವವನು ಅವನು ಎನ್ನುವುದು ನುಂಗಲಾರದ ತುತ್ತಾಯಿತು. ಆ ಜೋಳದ ಚೀಲದ ಮೇಲೂ ಅವಳಿಗೆ ಮತ್ಸರ ಹುಟ್ಟಿತು.

ಮಾರನೆಯ ದಿನ ಅವಳು ದವಾಖಾನೆಗೆ ಹೋದಳು. ಡಾಕ್ಟರ್ ಪ್ರಫುಲ್ಲಾ ಶೆಣೈ ಕುಂದಾಪುರದವರು, ಕಸ್ತೂರಿಯ ಎಲುಬಿನ ಚಿತ್ರಗಳನ್ನು ಬಾಯಿಪಾಠ ಬಲ್ಲವರು.

"ಒಂದೇ ಸುತ್ತು, ಡಾಕ್ಟರ್. ಮಗಳನ್ನ ತೊಡಿ ಮ್ಯಾಲೆ ಕೂಡಿಸ್ಕೊಂಡು."

"ಎಂತ ಮಾರಾಯ್ತಿ, ನಿಂಗೆ ಬುದ್ಧಿ ಉಂಟಾ? ನಿನ್ನ ಭಾರವೇ ನಿಂಗೆ ಹೆಚ್ಚು. ಅದರ ಮೇಲೆ ಮಗು ಬೇರೆಯಾ? ತೊಡೆ ಮೂಳೆ ಹೋದ್ರೆ ಇಲ್ಲಿ ಕೂಡುವುದಿಲ್ಲ. ಹೃದಯ ನಿಂತರೆ ನಾನು ಎಂತ ಮಾಡ್ಲಿ?"

"ಕೂಸಿಗೆ ಅನುಮತಿ ಕೊಟ್ಟೀರಲ್ಲಾ."

"ಅವಳು ಭೂಮಿಗೆ ಹೋಗುವವಳು, ಎಳೆ ಎಲುಬು, ಆರು ತಿಂಗಳು ಬಂಡಿ ಹತ್ತಿಸಿ ತಯಾರು ಮಾಡಿದ್ದೇವೆ. ನೀನು ಹಾಗಾ?" ಡಾಕ್ಟರು ಡ್ರಾಯರಿನಿಂದ ಬಿಲ್ಲೆಯೊಂದನ್ನು ತೆಗೆದರು. "ಬೇಕಾದ್ರೆ ಇದನ್ನು ಅಂಟಿಸಿಕೊಂಡು ಮಗಳನ್ನು ಕೂರಿಸಿಕೋ."

ಕಸ್ತೂರಿ ಬಿಲ್ಲೆ ತಂದಳು, ಅಂಟಿಸಿಕೊಂಡಳು, ಮಗಳನ್ನು ಕೂರಿಸಿಕೊಂಡಳು. ತಲೆ ಗಿರ್ರೆಂದಿತು. ತೊಡೆ ಖಾಲಿಯಾಗಿಯೇ ಇತ್ತು. ಕಿತ್ತು ಎಸೆದರೆ ಅದು ಎಲೆಯಂತೆ ತೇಲುತ್ತ ಮೂಲೆಗೆ ಹೋಗಿ ಬಿತ್ತು.

ಬಂಡಿಯ ನಿಯಂತ್ರಣ ಕೋಣೆ ನೋಡಿಕೊಳ್ಳುವವನು ದಸ್ತಗೀರ ನದಾಫ, ದಾಂಡೇಲಿಯವನು, ಐವತ್ತು ದಾಟಿದವನು. ಕಸ್ತೂರಿ ಅವನಿಗೆ ಅಣ್ಣ ಅನ್ನುತ್ತಾಳೆ, ಅವನು ತಂಗಿ ಅನ್ನುತ್ತಾನೆ. ಗಾಜಿನಾಚೆ ಬಂಡಿ ಮೇಲೇರುತ್ತಿದ್ದಾಗ ಅವಳು ಸುತ್ತಿಬಳಸದೆ ಕೇಳಿಬಿಟ್ಟಳು.

"ಹುಚ್ಚಿ ಅದೀ ನೀ. ಒಂದು ಸೀಟಿಗೆ ಒಂದು ಮೈ. ಈ ನಿಯಮ ಬರದಾಕಿ ಯಾರು?"

"ನಾನ."

"ಮತ್ತ?"

"ಹಳಿ ಬರಿಯಾಕ ನಾವು ಹಳಿಯಿಂದ ಶುರು ಮಾಡಂಗಿಲ್ಲ ದಸ್ತಗೀರಣ್ಣ. ಕೂತವರ ಎದಿಯಿಂದ ಶುರು ಮಾಡತೀವಿ. ಎದಿ ಒಂದು ಗೆರಿ ಮ್ಯಾಲೆ ಹೋಗಬೇಕು, ಹಳಿ ಅದರ ಸುತ್ತ ತಿರುಗಬೇಕು, ಅಂದ್ರ ಕುತಿಗಿ ಉಳುಕಂಗಿಲ್ಲ, ವಾಂತಿ ಬರಂಗಿಲ್ಲ. ನಾ ಆ ಗೆರಿ ಎಳದದ್ದು ದೊಡ್ಡವರ ಎದಿ ಎತ್ತರಕ್ಕ. ಹುಡುಗೂರು ಕೂತಾಗ ಅವರ ಎದಿ ಗೆರಿ ಕೆಳಗ ಉಳೀತೈತಿ. ಅದಕ ತಯಾರಿ ಸುತ್ತಿನಾಗ ಎಲ್ಲಾ ಕೂಸು ವಾಂತಿ ಮಾಡತಾವ. ಅವ್ವನ ತೊಡಿ ಮ್ಯಾಲೆ ಕೂತರ ಸರಿಯಾಗಿ ಗೆರಿಗೆ ಬರತಾವ. ಅಳದು ನೋಡೇನಿ."

"ಸಮಿತಿಗೆ ಹೇಳ."

"ಹೇಳೇನಿ. ಬ್ಯಾಡ ಅಂದ್ರು."

ದಸ್ತಗೀರ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬಂಡಿ ತುದಿ ದಾಟಿ ಇಳಿಯತೊಡಗಿತು. "ನಿನಗ ಏನಾರ ಆದ್ರ ಆ ಕೂಸು ಅದನ್ನ ನೋಡಿ ಹೋಗಬೇಕು. ಹುಟ್ಟಿದ ಊರಿಂದ ಅದನ್ನ ಹೊತ್ಕೊಂಡು ಹೋಗಬೇಕು. ಅದನ್ನ ವಿಚಾರ ಮಾಡೀ ಏನು?"

ಕಸ್ತೂರಿ ಮಾಡಿರಲಿಲ್ಲ. ತನ್ನ ಎಲುಬು, ತನ್ನ ಹೃದಯ, ಒಡೆದರೆ ಒಡೆಯಲಿ ಎಂದಷ್ಟೇ ಲೆಕ್ಕ ಹಾಕಿದ್ದಳು. ಎದ್ದು ಬಂದಳು. ದಾರಿಯುದ್ದಕ್ಕೂ ಬೇಡ, ಬೇಡ ಎಂದುಕೊಂಡಳು. ಮನೆಗೆ ಬಂದರೆ ಮಗಳು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಅವಳೆದುರು ಕೂತು ವಿಷಯವನ್ನೆಲ್ಲ ಬಿಡಿಸಿ ಹೇಳಿದಳು. ಅವ್ವನ ಎಲುಬು ಮೆತ್ತಗಿದೆ, ಬಂಡಿಯಲ್ಲಿ ಅವ್ವನಿಗೆ ನೋವಾಗಬಹುದು, ನೋವಿಗಿಂತ ಹೆಚ್ಚಿನದೂ ಆಗಬಹುದು ಎಂದಳು.

ಗಂಗವ್ವ ಬೆಳ್ಳುಳ್ಳಿಯ ಸಿಪ್ಪೆ ಊದಿದಳು. ಅದು ಮೇಲೇರಿ ಇಳಿಯಲು ಬಹಳ ಹೊತ್ತು ತೆಗೆದುಕೊಂಡಿತು.

"ಅಪ್ಪ ಎತ್ಕೊಂಡಾಗ ನಾ ಭಾರ ಅಕ್ಕೇನಿ. ನೀ ಎತ್ಕೊಂಡಾಗ ಯಾಕ ಆಗಂಗಿಲ್ಲ?"

"ಇದು ಹಗುರ ಊರು, ಅದಕ."

"ಮತ್ತ ಒಮ್ಮೆ ಹೋಗೂಣಲ್ಲ. ನಿನಗ ನೋವಾದ್ರ ನಾ ಊದತೇನಿ."

ಸರಿಯೋ ತಪ್ಪೋ ಎಂದು ನಾನು ತೀರ್ಪು ಕೊಡಲಾರೆ. ಅವಳು ಮಗಳ ತಲೆಯನ್ನು ಎದೆಗೊತ್ತಿಕೊಂಡು ತುಂಬ ಹೊತ್ತು ಕೂತಳು. ರಾತ್ರಿ ದಸ್ತಗೀರನಿಗೆ, "ಕೂಸಿಗೆ ಎಲ್ಲಾ ಬಿಡಿಸಿ ಹೇಳೇನಿ, ಹೋಗೂಣು ಅಂದಾಳ" ಎಂದು ಬರೆದು ಕಳಿಸಿದಳು.

ಭಾರದ ಬಂಡಿ ದಿನಾ ಬೆಳಿಗ್ಗೆ ಜನರನ್ನು ಹತ್ತಿಸಿಕೊಳ್ಳುವ ಮೊದಲು ಒಂದು ಖಾಲಿ ಸುತ್ತು ಹಾಕುತ್ತದೆ. ಖಾಲಿ ಅಂದರೆ ಪೂರಾ ಖಾಲಿ ಅಲ್ಲ. ಪ್ರತಿ ಸೀಟಿಗೂ ಎಪ್ಪತ್ತು ಕಿಲೋ ನೀರಿನ ಚೀಲ ಕಟ್ಟುತ್ತಾರೆ, ಚೀಲಕ್ಕೆ ತಲೆ, ಹೆಗಲು, ಹೊಟ್ಟೆ ಎಲ್ಲ ಇರುತ್ತದೆ. ಈ ಸುತ್ತಿನಲ್ಲಿ ಎಪ್ಪತ್ತಕ್ಕೆ ಎರಡು ಕಿಲೋ ಆಚೀಚೆಯಾದರೂ ಸೀಟಿನ ಮಾಪಕ ಬಂಡಿ ಬಿಡುವುದಿಲ್ಲ. ಭೂಮಿಯ ಪಾರ್ಕುಗಳಿಂದ ಬಂದ ಪದ್ಧತಿ ಇದು. ಬೆಳಗಾವಿಯಲ್ಲಿದ್ದಾಗ ಕಸ್ತೂರಿಯೇ ಚೀಲಗಳಿಗೆ ಕುಂಕುಮ ಹಚ್ಚಿ ಕಳಿಸುತ್ತಿದ್ದಳು.

ಮಗಳು ಹೋಗುವ ಮುನ್ನಾದಿನ ಬೆಳಿಗ್ಗೆ ದಸ್ತಗೀರ ಫೋನ್ ಮಾಡಿದ. ನಮಸ್ಕಾರ ಇಲ್ಲ, ಏನಿಲ್ಲ.

"ತಂಗಿ, ಏಳನೇ ಸೀಟಿನ ಚೀಲ ಸೋರಾಕತ್ತೈತಿ. ಬದಲೀ ಚೀಲ ಇಲ್ಲ. ಸರಿಯಾಗಿ ಎಪ್ಪತ್ತು ಕಿಲೋ ಏನಾರ ಬೇಕಾಗಿತ್ತು."

ಚಂದ್ರನ ಮೇಲೆ ಎಳೆತ ಕಡಿಮೆಯಾದರೂ ಮೈಯೊಳಗಿನ ಸರಕು ಕಡಿಮೆಯಾಗುವುದಿಲ್ಲ. ಅಲುಗಾಡಿಸಿ ತೂಗುವ ಕುರ್ಚಿಯಲ್ಲಿ ಅವಳದು ಐವತ್ತೆರಡು ಕಿಲೋ, ಮಗಳದು ಹದಿನೆಂಟು. ಕೂಡಿಸಲು ಬೆರಳೂ ಬೇಡ.

"ಒಂದು ಕರಾರು," ಎಂದ ದಸ್ತಗೀರ. "ಡಾಕ್ಟರಮ್ಮಗ ಹೇಳಿಲ್ಲ, ಆದ್ರ ಇಲ್ಲೇ ಬಂದು ಚಹಾ ಕುಡೀರಿ ಅಂತ ಕರದೇನಿ. ನನ್ನ ಬಾಜೂಕ ಕೂತಿರತಾರ. ಮತ್ತ ಕೈ ಮ್ಯಾಲೆ ಮಾಡಿದಿ ಅಂದ್ರ ಬ್ರೇಕ್ ಹಾಕತೇನಿ. ಅಲ್ಲಾನ ಆಣಿ, ಒಂದು ಸೆಕೆಂಡೂ ತಡಾ ಮಾಡಂಗಿಲ್ಲ."

ಏಳನೇ ಸೀಟಿನಲ್ಲಿ ಅವಳು ಕೂತಳು. ಮಗಳು ತೊಡೆಯ ಮೇಲೆ. ಚೀಲ ಬಿಗಿಯುವ ಅಗಲ ಪಟ್ಟಿಯಿಂದ ಇಬ್ಬರನ್ನೂ ಸೇರಿಸಿ ಬಿಗಿದುಕೊಂಡಳು, ಮೇಲೆ ಕಬ್ಬಿಣದ ಅಡ್ಡಪಟ್ಟಿ ಬಂದು ಕೂತಿತು. ಹಿಂದೆ ಮುಂದೆ ನೀರಿನ ಮನುಷ್ಯರು ಗಂಭೀರವಾಗಿ ಕೂತಿದ್ದರು. ಮಾಪಕದ ದೀಪ ಹಸಿರಾಯಿತು. ಬಂಡಿ ಮೇಲೇರಿತು.

"ಅವ್ವಾ, ನಮ್ಮನಿ ಕಾಣತೈತಿ."

"ಹೂಂ."

"ಅಂಜಿಕಿ ಬಂತೇನ ನಿನಗ?"

"ಬಂದೈತಿ."

ತುದಿ ದಾಟಿತು. ನಿಧಾನವಾಗಿ, ತೊಟ್ಟಿಲು ತೂಗಿದಂತೆ ಇಳಿಯಿತು. ಗಾಳಿ ಮುಖಕ್ಕೆ ಬಂತು, ಮಗಳ ಕೂದಲು ಬಾಯಿಗೆ ಬಂತು. ಆಮೇಲೆ ಗೋಡೆ ಮಗ್ಗುಲಾಯಿತು, ಮೊದಲ ಸೆಕೆಂಡಿನಲ್ಲಿ ಅವಳ ಕೈಗಳು ಅವಳವಲ್ಲದಂತೆ ಕೆಳಗೆ ಬಿದ್ದವು. ಗಲ್ಲ ಜೋತಿತು. ಹೊಟ್ಟೆ, ಹೆಗಲು, ಕಣ್ಣಿನ ರೆಪ್ಪೆ, ಎಲ್ಲಕ್ಕೂ ಯಾರೋ ಕಲ್ಲು ಕಟ್ಟಿದರು. ಅಯ್ಯೋ ಶಿವನೇ, ಇಷ್ಟೊಂದು ಭಾರ ಹೊತ್ತು ತಿರುಗುತ್ತಿದ್ದೆವೇ ನಾವು ಎಂದುಕೊಂಡಳು.

ಮತ್ತೆ ಅದರ ಮೇಲೆ, ಎಲ್ಲದರ ಮೇಲೆ, ಗಂಗವ್ವ ಕೂತಳು.

ಆರು ವರ್ಷದಲ್ಲಿ ಮೊದಲ ಸಲ ಕೂತಳು. ಕುಂಡೆಯ ಎರಡು ಪುಟ್ಟ ಎಲುಬು ತೊಡೆಗೆ ನೆಟ್ಟವು. ಬೆನ್ನು ಎದೆಗೆ ಒರಗಿತು, ತಲೆ ಭುಜದ ಕುಳಿಗೆ ಬಂದು ಬಿತ್ತು, ದಪ್ಪಗೆ, ಬಿಸಿಯಾಗಿ, ಪೂರ್ತಿಯಾಗಿ. ಮೂರನೆಯ ಸೆಕೆಂಡಿಗೆ ತೊಡೆ ಉರಿಯಿತು. ಐದನೆಯದಕ್ಕೆ ಉಸಿರು ಸಾಲದಾಯಿತು, ಕಣ್ಣಂಚಿನಲ್ಲಿ ಮಸಕು ಕಟ್ಟಿತು. ಕೈ ಎತ್ತಬೇಕೆಂದು ನೆನಪಾಯಿತು. ಎತ್ತಿದಳು, ಎತ್ತಿ ಮಗಳ ಹೊಟ್ಟೆಯ ಸುತ್ತ ಹಾಕಿದಳು.

"ಅವ್ವಾ," ಮಗಳ ದನಿ ಒತ್ತಿ ಬಂತು, "ನಾ ಭಾರ ಆದ್ನೇನ?"

ಬಳ್ಳಿಗೆ ಕಾಯಿ ಭಾರವೇ ಎಂದು ಊರಿನಲ್ಲಿ ತಾಯಂದಿರು ಹೇಳುವುದುಂಟು. ಇಲ್ಲ ನನ್ನವ್ವಾ ಅನ್ನಬೇಕು ಅಲ್ಲಿ. ಕಸ್ತೂರಿ ಇದ್ದ ಉಸಿರನ್ನೆಲ್ಲ ಕೂಡಿಸಿ ಹೇಳಿದಳು.

"ಭಾರ ಆದಿ. ಭಾಳ ಭಾರ ಆದಿ ನನ್ನ ಬಂಗಾರ."

ಒಂಬತ್ತು. ಬ್ರೇಕು ಬಿತ್ತು, ಬಂಡಿ ನೆಟ್ಟಗಾಯಿತು, ಮಗಳು ಮತ್ತೆ ಹಗುರಾದಳು. ಮುಂದೆ ಆಗಿದ್ದೆಲ್ಲ ಗಡಿಬಿಡಿ. ಡಾಕ್ಟರು ಓಡಿ ಬಂದು ನಾಡಿ ಹಿಡಿದರು, ದಸ್ತಗೀರನಿಗೂ ಕಸ್ತೂರಿಗೂ ಒಟ್ಟಿಗೆ ಬೈದರು, ಬೈಯುತ್ತಲೇ ಕಣ್ಣೊರೆಸಿಕೊಂಡರು. ಎಲುಬು ಒಡೆದಿರಲಿಲ್ಲ. ಗಂಗವ್ವ ವಾಂತಿಯನ್ನೂ ಮಾಡಿರಲಿಲ್ಲ. ಅವ್ವನ ತೊಡೆಯನ್ನು ಫೂ ಫೂ ಎಂದು ಊದುತ್ತಿದ್ದಳು.

ಮರುದಿನ ನೌಕೆ ಹೋಯಿತು. ಬಾಗಿಲಲ್ಲಿ ಮಗಳು ಅಳಲಿಲ್ಲ, ತಾಯಿಯೂ ಅಳಲಿಲ್ಲ. ಹೋಗುವವರೆದುರು ಅಳಬಾರದೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

ಅವತ್ತು ಮನೆಗೆ ಬಂದು ಸ್ನಾನಕ್ಕೆ ಹೋದಾಗ ಕಸ್ತೂರಿ ನೋಡಿದಳು. ಎರಡೂ ತೊಡೆಯ ಮೇಲೆ ಒಂದೊಂದು ಕಂದಿದ ಗುರುತು, ರೂಪಾಯಿಯಗಲ, ನೀಲಿಗಟ್ಟಿದ್ದವು. ಮಗಳು ಕೂತ ಜಾಗ. ಹಪ್ಪಳದ ಎಲುಬಿನವಳ ಚರ್ಮವೂ ಅಷ್ಟೇ ಸೂಕ್ಷ್ಮವಾಗಿತ್ತು. ಡಾಕ್ಟರು ಮುಲಾಮು ಕೊಡಲು ಬಂದರೆ, "ಬ್ಯಾಡ್ರಿ" ಎಂದಳು. ಅವರು ಅವಳ ಮುಖ ನೋಡಿ ಮುಲಾಮನ್ನು ಚೀಲಕ್ಕೆ ಹಾಕಿಕೊಂಡರು.

ಪ್ರತಿದಿನ ಬೆಳಿಗ್ಗೆ ಎದ್ದು ಹೆಬ್ಬೆರಳಿನಿಂದ ಅಲ್ಲಿ ಒತ್ತುತ್ತಿದ್ದಳು. ನೋಯುತ್ತಿತ್ತು. ನೋವಾದಷ್ಟು ಹೊತ್ತು ತೊಡೆಯ ಮೇಲೆ ಯಾರೋ ಕೂತಂತಿರುತ್ತಿತ್ತು. ನಾಲ್ಕನೆಯ ದಿನ ಗುರುತು ಹಸಿರಾಯಿತು. ಎಂಟನೆಯ ದಿನ ಅರಿಸಿನದ ಬಣ್ಣಕ್ಕೆ ಬಂತು. ಆವತ್ತೇ ಈರಣ್ಣ ಮಗಳನ್ನು ಹೆಗಲ ಮೇಲೆ ಹೊತ್ತು ನಿಂತ ಚಿತ್ರ ಕಳಿಸಿದ್ದ. ಇಬ್ಬರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು. ಕಸ್ತೂರಿ ಒಂದು ಕೈಯಲ್ಲಿ ಚಿತ್ರ ಹಿಡಿದು, ಇನ್ನೊಂದರಿಂದ ತೊಡೆ ಒತ್ತಿಕೊಂಡು ನೋಡಿದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಒತ್ತಿದಾಗ ನೋಯಲಿಲ್ಲ. ಇನ್ನೊಂದು ತೊಡೆ ಒತ್ತಿದಳು. ಅದೂ ನೋಯಲಿಲ್ಲ. ಬಲವಾಗಿ, ಉಗುರು ಊರುವಂತೆ ಒತ್ತಿ ನೋಡಿದಳು. ಆಮೇಲೆ ಹಾಸಿಗೆಯ ಅಂಚಿಗೆ ಕೂತು, ಅಷ್ಟು ದಿನ ತಡೆದಿಟ್ಟಿದ್ದನ್ನೆಲ್ಲ ಅತ್ತಳು.